ತಾರೀಖಮ್ಮನ ತೊಂಬತ್ತು ದಿನ

ನಮ್ಮ ಮನೆಯಲ್ಲಿ ಹಾಲಿನ ಪೊಟ್ಟಣಕ್ಕೂ ಜಾತಕ ಇರುತ್ತಿತ್ತು. ತಂದ ದಿನ, ಕತ್ತರಿಸಿದ ದಿನ, ಚೆಲ್ಲಬೇಕಾದ ದಿನ, ಮೂರನ್ನೂ ಚೀಟಿಯಲ್ಲಿ ಬರೆದು ಅಂಟಿಸಿದ ಮೇಲೆಯೇ ಅಕ್ಕ ಅದನ್ನು ಫ್ರಿಜ್ಜಿನೊಳಗೆ ಇಡುತ್ತಿದ್ದರು. ಅದಕ್ಕೇ ನಾವು ಅವರಿಗೆ ತಾರೀಖಮ್ಮ ಎಂದು ಹೆಸರಿಟ್ಟಿದ್ದೆವು. ಎದುರಿಗೆ ಅಕ್ಕ, ಬೆನ್ನ ಹಿಂದೆ ತಾರೀಖಮ್ಮ. ಅವರಿಗೂ ಗೊತ್ತಿತ್ತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು ಅನ್ನಿ.

ಹತ್ತು ವರ್ಷದ ಮಗಳನ್ನು ಕಟ್ಟಿಕೊಂಡು ಅಕ್ಕ ಈ ಪರದೇಶಕ್ಕೆ ಬಂದದ್ದು ವಿದ್ಯಾರ್ಥಿ ಪರ್ಮಿಟ್ಟಿನ ಮೇಲೆ. ವಯಸ್ಸಾದವರ ಆರೈಕೆಯ ಡಿಪ್ಲೊಮಾ ಓದುತ್ತಿದ್ದರು. ಉಳಿದ ಹೊತ್ತು ಒಂದು ವೃದ್ಧಾಶ್ರಮದಲ್ಲಿ ಕೆಲಸ: ಮೀಯಿಸುವುದು, ಉಣ್ಣಿಸುವುದು, ಹೊತ್ತು ಹೊತ್ತಿಗೆ ಔಷಧಿ ಕೊಡುವುದು. ನಾನು ಅದೇ ಆಶ್ರಮದ ಬಟ್ಟೆ ಒಗೆಯುವ ಕೋಣೆಯಲ್ಲಿದ್ದೆ. ಹಾಸಿಗೆ ಬಟ್ಟೆ ಮಡಚುವುದು, ಅಜ್ಜ ಅಜ್ಜಿಯರ ಅಂಗಿಯ ಕಾಲರಿಗೆ ಅವರವರ ಹೆಸರಿನ ಪಟ್ಟಿ ಹೊಲಿಯುವುದು ನನ್ನ ಪಾಲಿನದು. ನಾನೂ ಹೆಸರಿಗೆ ವಿದ್ಯಾರ್ಥಿನಿಯೇ. ನಮ್ಮದು ನೆಲಮಾಳಿಗೆಯ ಮನೆ. ಕಿಟಕಿಯಲ್ಲಿ ಹೋಗಿಬರುವವರ ಮೊಣಕಾಲಿನವರೆಗೆ ಮಾತ್ರ ಕಾಣುತ್ತಿತ್ತು. ಒಂದು ಕೋಣೆಯಲ್ಲಿ ಅಕ್ಕ ಮತ್ತು ಮಗಳು, ಇನ್ನೊಂದರಲ್ಲಿ ನಾವು ಮೂವರು ಹುಡುಗಿಯರು.

ನಮ್ಮೆಲ್ಲರ ಪರ್ಮಿಟ್ಟಿನ ಫಾರಂ ತುಂಬಿಸುತ್ತಿದ್ದವರು ಅಕ್ಕನೇ. ಯಾರ ಪರ್ಮಿಟ್ ಕಾರ್ಡು ಯಾವಾಗ ಮುಗಿಯುತ್ತದೆ ಎಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಸುತ್ತು ಹಾಕಿದ್ದರು. ತಮ್ಮದಕ್ಕೆ ಎರಡು ಸುತ್ತು. ಯಾಕೆಂದರೆ ಅವರ ಹಿಂದೆ ಒಬ್ಬನಿದ್ದ.

ಅಕ್ಕ ಅವನನ್ನು 'ಇವಳಪ್ಪ' ಎನ್ನುತ್ತಿದ್ದರು. ಒಡಹುಟ್ಟಿದವರಲ್ಲದಿದ್ದರೂ ಅಕ್ಕ ಎಂದು ಕರೆದಮೇಲೆ ಅವರ ಗಂಡನನ್ನು ನಾನು ಭಾವ ಎನ್ನಬೇಕಿತ್ತು, ಆದರೆ ನನ್ನ ಬಾಯಿಗೆ ಆ ಮಾತು ಬರುತ್ತಿರಲಿಲ್ಲ. ಅಕ್ಕನ ಎಡಗೈ ಮಣಿಕಟ್ಟು ಸೊಟ್ಟಗಿತ್ತು. ಬಾಗಿಲಿಗೆ ಸಿಕ್ಕಿಕೊಂಡಿತು ಎಂದು ಆಸ್ಪತ್ರೆಯಲ್ಲಿ ಬರೆಸಿದವನೇ ಅದನ್ನು ಮುರಿದವನು. ಊರಿನಲ್ಲಿ ತೋಳಿನ ಬಾಸುಂಡೆ ಕಾಣದಿರಲೆಂದು ಅಕ್ಕ ಉದ್ದ ತೋಳಿನ ರವಿಕೆಯನ್ನೇ ತೊಡುತ್ತಿದ್ದರಂತೆ. ಎರಡು ವರ್ಷ ಓದಿ, ಒಳ್ಳೆಯ ಸಂಬಳ ಹಿಡಿಯುವಂತಾಗಿ ವಾಪಸ್ ಬರಲಿ ಎಂಬ ಆಸೆಗೆ ಅವನು ಇವರನ್ನು ಕಳಿಸಿದ್ದ. ವಾಪಸ್ ಹೋಗಬಾರದೆಂದು ಇವರು ಬಂದಿದ್ದರು. ಓದು ಮುಗಿದರೆ ಕೆಲಸದ ಪರ್ಮಿಟ್ ಸಿಗುತ್ತದೆ. ಅದು ಕೈಗೆ ಬಂದರೆ ಅವನ ಹಂಗಿಲ್ಲ.

"ಆ ಒಂದು ಕಾಗದ ಬಂದ್ಬಿಟ್ರೆ ನಾನೂ ಇವಳೂ ಬದುಕ್ಕೊಂಡ್ವಿ ಕಣೇ," ಎಂದು ಅಕ್ಕ ನನ್ನ ಹತ್ತಿರ ಬಾಯಿಬಿಟ್ಟು ಹೇಳಿದ್ದರು. ಹಾಗಾಗಿ ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಹಾಗಿಲ್ಲ.

ಅಕ್ಕ ರಜೆಯಲ್ಲೂ ಕ್ಲಾಸಿಗೆ ಹೋಗಿ ಕೋರ್ಸನ್ನು ಐದು ತಿಂಗಳು ಮೊದಲೇ ಮುಗಿಸಿದರು. ಮುಗಿದಿದೆ ಎಂದು ಕಾಲೇಜಿನಿಂದ ಪತ್ರ ಬಂತು. ಎಲ್ಲದರಲ್ಲೂ ಮೊದಲ ದರ್ಜೆ. ಆ ಪತ್ರದ ಫೋಟೊ ತೆಗೆದು ಅವನಿಗೆ ಕಳಿಸಿದರು. ನನಗೆ ಮೈ ಉರಿದುಹೋಯಿತು. ಆದರೆ ಹೊಡೆದವನ ಬಾಯಿಂದಲೂ ಒಂದು ಸಲ ಭೇಷ್ ಅನ್ನಿಸಿಕೊಳ್ಳಬೇಕೆಂಬ ಹುಚ್ಚು ಕೆಲವರಿಗೆ ಇರುತ್ತದೆ, ಏನು ಮಾಡುವುದು?

ಅವನು ಭೇಷ್ ಎಂದ. ಅಷ್ಟೇ ಅಲ್ಲ, ಆ ವಾರದಿಂದ ಅವನ ಮಾತು ಬೆಣ್ಣೆಯಾಯಿತು. ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ ಫೋನು. ಮನೆಯಲ್ಲಿ ಯಾರ್ಯಾರಿದ್ದಾರೆಂದು ಅವನಿಗೆ ಕೇಳಿಸಬೇಕು, ಹಾಗಾಗಿ ಸ್ಪೀಕರ್ ಹಾಕಿ ಅಡುಗೆಮನೆಯ ಮೇಜಿನ ಮೇಲೆ ಇಡಬೇಕು. ಫೋನು ಬಡಿದುಕೊಂಡ ಕೂಡಲೇ ಮಗಳು ಓದುತ್ತಿದ್ದ ಪುಸ್ತಕ ಮುಚ್ಚಿ ಅಮ್ಮನ ಪಕ್ಕಕ್ಕೆ ಬಂದು ಕೂರುತ್ತಿದ್ದಳು.

"ಇನ್ನೆರಡು ವರ್ಷ ದುಡ್ಕೊಂಡು ಬರ್ತೀನಿ ಅಂತ ಅರ್ಜಿ ಹಾಕ್ತಾ ಇದೀನಿ," ಎಂದರು ಅಕ್ಕ.

"ಹಾಕು, ಹಾಕು. ಆದ್ರೆ ಅವಸರ ಬೇಡ. ಸೀಲು ಹೊಡೆದ ಸರ್ಟಿಫಿಕೇಟ್ ಕೈಗೆ ಬರ್ಲಿ. ಎಲ್ಲಾ ಸೇರಿಸಿ ಒಟ್ಟಿಗೆ ಕೊಡು. ಅರ್ಧಂಬರ್ಧ ಕೊಟ್ರೆ ವಾಪಸ್ ಬಿಸಾಕ್ತಾರೆ."

ಇದು ಅಕ್ಕನ ಮನಸ್ಸಿನ ಮಾತೇ ಆಗಿತ್ತು. ಒಂದು ಹಾಳೆ ಕಮ್ಮಿಯಿದ್ದರೂ ಅವರು ಕಡತವನ್ನು ಮುಂದಕ್ಕೆ ಕೊಡುವವರಲ್ಲ. ಕಾರ್ಡಿನ ಮೇಲೆ ಇನ್ನೂ ಐದು ತಿಂಗಳು ಇತ್ತು. ಸರ್ಟಿಫಿಕೇಟ್ ಅಚ್ಚಾಗಿ ಬರಲಿ ಎಂದು ನೆಮ್ಮದಿಯಿಂದ ಕಾಯುತ್ತಾ ಕೂತರು.

ಒಂದು ಸೋಮವಾರ ನನ್ನದೇ ಪರ್ಮಿಟ್ಟಿನ ಕೆಲಸಕ್ಕೆಂದು ಕಾಲೇಜಿನ ಕಚೇರಿಗೆ ಹೋದೆ. ಕಿಟಕಿಯಾಚೆ ಕೂತಿದ್ದ ಗುಮಾಸ್ತೆ ಮಾತಿನ ನಡುವೆ ಒಂದು ಎಚ್ಚರಿಕೆ ಕೊಟ್ಟಳು. ಕೋರ್ಸ್ ಮುಗಿದ ಪತ್ರ ಬಂದ ದಿನದಿಂದ ತೊಂಬತ್ತು ದಿನ, ಅಷ್ಟೇ. ಆಮೇಲೆ ಕಾರ್ಡಿನ ಮೇಲೆ ಯಾವ ತಾರೀಖಿದ್ದರೂ ಪರ್ಮಿಟ್ ಸತ್ತಂತೆ. ಕೆಲಸದ ಅರ್ಜಿಯನ್ನೂ ಅಷ್ಟರೊಳಗೇ ಹಾಕಬೇಕು, ಅದಕ್ಕೆ ಆ ಪತ್ರವೇ ಸಾಕು, ಸರ್ಟಿಫಿಕೇಟ್ ಬೇಕಿಲ್ಲ. ಆಶ್ರಮದ ಕಣ್ಣಿನ ಔಷಧಿಯೂ ಹೀಗೆಯೇ. ಸೀಸೆಯ ಮೇಲೆ ಮುಂದಿನ ವರ್ಷದ ತಾರೀಖಿದ್ದರೂ ಮುಚ್ಚಳ ತೆಗೆದ ನಾಲ್ಕು ವಾರಕ್ಕೆ ಎಸೆಯಬೇಕೆಂದು ಅಕ್ಕನೇ ಎಲ್ಲರಿಗೂ ಹೇಳಿಕೊಡುತ್ತಿದ್ದರು. ನಾನು ಅಲ್ಲಿಯೇ ನಿಂತು ಬೆರಳು ಮಡಚಿದೆ. ಅಕ್ಕನಿಗೆ ಅವತ್ತು ಎಪ್ಪತ್ತೆಂಟನೆಯ ದಿನ. ಇನ್ನು ಹನ್ನೆರಡು.

ಬಸ್ಸಿಳಿದು ಓಡುತ್ತಲೇ ಮನೆಗೆ ಬಂದೆ. ಅಡುಗೆಮನೆಯಲ್ಲಿ ಎಲ್ಲರೂ ಇದ್ದರು. ಅಕ್ಕ ತರಕಾರಿ ಹೆಚ್ಚುತ್ತಿದ್ದರು.

"ಅಕ್ಕಾ, ನಿಮ್ಮ ಪರ್ಮಿಟ್ ವಿಷ್ಯ ಒಂದು ಹೇಳ್ಬೇಕು."

"ನನ್ನ ಪರ್ಮಿಟ್ಟಾ? ಮೊದ್ಲು ನಿನ್ನ ಫಾರಂ ನೋಡ್ಕೋ ತಾಯೀ," ಎಂದು ಅಕ್ಕ ಚಾಕು ಕೆಳಗಿಟ್ಟು ಮೇಜಿನ ಮೇಲಿದ್ದ ನನ್ನ ಹಾಳೆಗಳನ್ನು ಎತ್ತಿದರು. "ನಾಲ್ಕನೇ ಪುಟಕ್ಕೆ ಸಹಿ ಇಲ್ಲ. ಹುಟ್ಟಿದ ದಿನ ಕೇಳಿದ ಕಡೆ ಈ ತಿಂಗಳ ತಾರೀಖು ಬರ್ದಿದಾಳೆ ನೋಡ್ರೇ! ಮೊನ್ನೆ ಹುಟ್ಟಿದ ಕೂಸು, ನಂಗೆ ಕಾನೂನು ಹೇಳೋಕೆ ಬಂದುಬಿಡ್ತು!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳೂ ನಕ್ಕಳು. ನಗುವುದನ್ನೇ ಮರೆತಂತಿದ್ದ ಮಗು ಅದು, ನಾನು ಖುಷಿಪಡಬೇಕಿತ್ತು. ನನಗೋ ಕೋಪ ಮೂಗಿನ ತುದಿಯಲ್ಲೇ.

"ಏನಿಲ್ಲ ಬಿಡಿ," ಎಂದು ಕೋಣೆಗೆ ಹೋದೆ. ತಾವಾಗಿ ಬಂದು ಕೇಳಲಿ, ಆಗ ಹೇಳುತ್ತೇನೆ ಎಂದು ಹಟ ಹಿಡಿದೆ.

ಅವರು ಕೇಳಲಿಲ್ಲ. ಎಪ್ಪತ್ತೊಂಬತ್ತು, ಎಂಬತ್ತು. ಆಶ್ರಮದಲ್ಲಿ ಎದುರಾದಾಗಲೆಲ್ಲ "ಏನೇ ಕೂಸೇ, ಸಹಿ ಹಾಕಿದ್ಯಾ?" ಎಂದು ಕೆಣಕುತ್ತಿದ್ದರು. ತೆರೆದ ಬಾಯಿ ಅಲ್ಲಿಯೇ ಮುಚ್ಚಿಹೋಗುತ್ತಿತ್ತು. ಎಂಬತ್ತಮೂರರಂದು ಮೇಲ್ವಿಚಾರಕಿ ಎಲ್ಲರ ಕಾರ್ಡಿನ ನಕಲು ಕೇಳಿದಳು. ತಪಾಸಣೆಯವರು ಬರುತ್ತಾರಂತೆ. ಎಲ್ಲರಿಗಿಂತ ಮೊದಲು ಕೊಟ್ಟವರು ಅಕ್ಕನೇ. ನನ್ನ ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿಕೊಂಡಿತು. ಮರುದಿನ ಭಾನುವಾರ.

"ಸರ್ಟಿಫಿಕೇಟ್ ಬಂತಾ?" ಎಂದ ಅವನು ಫೋನಿನಲ್ಲಿ.

"ಇಲ್ಲ, ಇನ್ನೂ ಬಂದಿಲ್ಲ."

"ಬರ್ಲಿ, ಬರ್ಲಿ. ಏನವಸರ."

ಎಂಬತ್ತಾರರಂದು, ಗುಮಾಸ್ತೆಗೆ ತಪ್ಪು ತಿಳಿದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ನಿಯಮವನ್ನು ನಾನೇ ಮೊಬೈಲಿನಲ್ಲಿ ತೆಗೆದು ಎರಡೆರಡು ಸಲ ಓದಿದ್ದೆ. ಎಂಬತ್ತೆಂಟರಂದು ಅವರ ಕೋಣೆಯ ಬಾಗಿಲವರೆಗೂ ಹೋದೆ. ಅಕ್ಕ ಮಗಳಿಗೆ ಜಡೆ ಹಾಕುತ್ತಾ ಮುಂದಿನ ವರ್ಷ ಯಾವ ಮನೆ ಹಿಡಿಯೋಣ, ಕಿಟಕಿಯಲ್ಲಿ ಮರ ಕಾಣುವಂಥದ್ದಾ, ರಸ್ತೆ ಕಾಣುವಂಥದ್ದಾ ಎಂದು ಕೇಳುತ್ತಿದ್ದರು. ಅಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದು? ಮೊದಲು ಬಾಯಿ ಕಟ್ಟಿದ್ದು ಸಿಟ್ಟು, ಈಗ ಕಟ್ಟಿದ್ದು ನಾಚಿಕೆ. ಹಿಂದಕ್ಕೆ ಬಂದೆ.

ತೊಂಬತ್ತನೆಯ ದಿನ ಶನಿವಾರ. ಅರ್ಜಿಯನ್ನು ಕಂಪ್ಯೂಟರಿನಲ್ಲೇ ಹಾಕುವಂಥದ್ದು, ಸಂಜೆ ಆರಕ್ಕೆ ಹೇಳಿದ್ದರೂ ಸಾಕಿತ್ತು. ನಾನು ನೂರ ಹನ್ನೆರಡು ಹಾಸಿಗೆ ಬಟ್ಟೆ ಮಡಚಿದೆ. ಮನೆಗೆ ಬಂದು ತಲೆನೋವೆಂದು ಮಲಗಿದೆ. ಅಕ್ಕ ಹಣೆಗೆ ಮುಲಾಮು ಹಚ್ಚಿ ಹೋದರು.

ಮರುದಿನ ಸಂಜೆ ನಾಲ್ಕಕ್ಕೆ ಫೋನು ಬಂತು. ಮೇಜಿನ ಸುತ್ತ ಅಕ್ಕ, ಮಗಳು, ನಾನು. ಉಳಿದಿಬ್ಬರು ಹೊರಗೆ ಹೋಗಿದ್ದರು.

"ನಿನ್ನೆಗೆ ತೊಂಬತ್ತು ಮುಗೀತಲ್ಲ," ಎಂದ ಅವನು. ದನಿ ತಣ್ಣಗಿತ್ತು.

"ಯಾವ ತೊಂಬತ್ತು?" ಎಂದರು ಅಕ್ಕ.

ಅವನು ವಿವರಿಸಿದ. ಮಕ್ಕಳಿಗೆ ಪಾಠ ಹೇಳುವ ಹಾಗೆ, ನಿಧಾನವಾಗಿ, ಒಂದು ಪದವೂ ತಪ್ಪದೆ. ಪತ್ರದ ಫೋಟೊ ಬಂದ ದಿನವೇ ಒಬ್ಬ ವಕೀಲನನ್ನು ಕೇಳಿ ತಿಳಿದುಕೊಂಡಿದ್ದನಂತೆ. "ಎಲ್ಲರ ತಾರೀಖು ಬರೀತೀಯಲ್ಲ, ನಿಂದೇ ನೋಡ್ಕೊಳ್ಳಲಿಲ್ವಾ? ಇನ್ನು ಅಲ್ಲಿ ಇದ್ರೆ ಅವರೇ ಹಿಡ್ದು ಕಳಿಸ್ತಾರೆ. ಬೇಡ ಅದೆಲ್ಲ. ಇಬ್ಬರಿಗೂ ಟಿಕೆಟ್ ತೆಗೀತಾ ಇದೀನಿ." ಫೋನು ನಿಂತಿತು.

ಆ ತೊಂಬತ್ತು ದಿನದ ಲೆಕ್ಕ ಗೊತ್ತಿದ್ದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಅಲ್ಲಿ ಅವನು, ಇಲ್ಲಿ ನಾನು, ಇಬ್ಬರೂ ಬಾಯಿ ಮುಚ್ಚಿಕೊಂಡು ಒಂದೊಂದೇ ದಿನ ಎಣಿಸಿದ್ದೆವು. ನನಗೂ ಅವನಿಗೂ ಏನು ವ್ಯತ್ಯಾಸ ಎಂದು ಹುಡುಕಿದೆ. ಸಿಗಲಿಲ್ಲ.

ಅಕ್ಕ ಫೋನನ್ನು ಬೋರಲು ಹಾಕಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅವತ್ತು ನೀನು ಹೇಳೋಕೆ ಬಂದಿದ್ದು ಇದನ್ನೇನಾ?"

"ಹೂಂ ಅಕ್ಕ."

"ನಾನು ನಕ್ಕಿದ್ದಕ್ಕಾ ಹೇಳ್ಲಿಲ್ಲ?"

ಬೈದಿದ್ದರೆ, ಕೆನ್ನೆಗೆ ಬಾರಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದರು.

ಅಷ್ಟರಲ್ಲಿ ಮಗಳು ಎದ್ದು ಒಳಗೆ ಹೋಗಿದ್ದಳು. ಮಂಚದ ಕೆಳಗಿನ ಪೆಟ್ಟಿಗೆ ಎಳೆದು ಬಟ್ಟೆ ತುಂಬತೊಡಗಿದಳು. ದೊಡ್ಡವರ ಹಾಗೆ ಅಂಚಿಗೆ ಅಂಚು ಸೇರಿಸಿ ಮಡಚುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲಿಗೆ ಬಂದು ನಿಂತಳು.

"ಚಿಕ್ಕಮ್ಮ, ಅಮ್ಮನ ಉದ್ದ ತೋಳಿನ ರವಿಕೆಗಳನ್ನ ಎಲ್ಲಿ ಇಟ್ಟಿದೀರಾ? ಅಲ್ಲಿ ಹೊರಗೆ ಹೋಗುವಾಗ ಬೇಕಾಗುತ್ತೆ."

ಎರಡು ವರ್ಷದಿಂದ ಯಾರೂ ಮುಟ್ಟದ ಆ ರವಿಕೆಗಳು ನಮ್ಮ ಕೋಣೆಯ ಕಪಾಟಿನ ತಳದಲ್ಲಿದ್ದವು. ನಾನೇ ಎದ್ದು ತೆಗೆದುಕೊಟ್ಟೆ.