ಮನೆಬಾಗಿಲಿಗೆ ಬಂದ ಮತಪತ್ರ

ಕೊರೋನಾ ಬಂದ ವರ್ಷವೇ ಪಂಚಾಯತ್ ಚುನಾವಣೆಯೂ ಬಂತು. ನೆಕ್ರಾಜೆಯ ನಮ್ಮ ವಾರ್ಡಿನಲ್ಲಿ ಗೆಲುವು ಸೋಲು ಎರಡು ಮೂರು ಮನೆಗಳ ಮೇಲೆ ನಿಂತಿರುತ್ತದೆ. ಹಾಗಾಗಿ ಅಮ್ಮನಿಗೂ ನನಗೂ ಪಾಸಿಟಿವ್ ಆದಾಗ ಊರಿಗೆ ಒಟ್ಟಿಗೇ ಎರಡು ಚಿಂತೆ: ರೋಗ ಹರಡಬಾರದು, ವೋಟು ತಪ್ಪಬಾರದು. ರೋಗಕ್ಕೆಂದು ನಮ್ಮ ಗೇಟಿಗೆ ಅಡ್ಡ ಹಗ್ಗ ಕಟ್ಟಿದರು. ವೋಟಿಗೆಂದು ಅದೇ ಹಗ್ಗದ ಆಚೆ ನಿಂತು ಕೈಮುಗಿದರು. ಮಾಸ್ಕಿನ ಮೇಲೆಯೇ ಚಿಹ್ನೆ ಅಚ್ಚಾಗಿದ್ದರಿಂದ ಯಾರು ಯಾವ ಪಕ್ಷ ಎಂದು ಕೇಳುವ ಕಷ್ಟ ಇರಲಿಲ್ಲ.

ಐದನೇ ದಿನ ಅಮ್ಮನಿಗೆ ಉಸಿರಾಡುವುದು ಕಷ್ಟವಾಯಿತು. ಆಂಬುಲೆನ್ಸಿಗೆಂದು ಬೆಳಗಿನಿಂದ ಕಂಡಕಂಡವರಿಗೆಲ್ಲ ಫೋನು ಮಾಡಿದೆ. ಎಲ್ಲರದೂ ಒಂದೇ ಉತ್ತರ, ಗಾಡಿ ಹೊರಟಿದೆ. ಅಮ್ಮ ಸೀರೆ ಬದಲಿಸಿ, ಬಟ್ಟೆ ಮಾತ್ರೆ ಚೀಲಕ್ಕೆ ತುಂಬಿ ಜಗಲಿಯಲ್ಲಿ ಕೂತರು. ಮಧ್ಯಾಹ್ನ ಒಂದು ಜೀಪು ಬಂತು. ತಲೆಯಿಂದ ಕಾಲಿನವರೆಗೆ ಬಿಳಿ ಕಿಟ್ಟು ತೊಟ್ಟ ಇಬ್ಬರು ಇಳಿದರು. ಅಮ್ಮ ಚೀಲ ಹಿಡಿದು ಎದ್ದರು.

"ಕೂತ್ಕೊಳ್ಳಿ ಅಮ್ಮ. ನಾವು ಇಲೆಕ್ಷನ್ನಿನವರು. ಪಾಸಿಟಿವ್ ಆದವರ ವೋಟು ಮನೆಯಲ್ಲೇ."

"ಹೋಗುವಾಗ ಇವರನ್ನು ಆಸ್ಪತ್ರೆಗೆ ಬಿಡ್ಲಿಕ್ಕೆ ಆಗ್ತದಾ?" ನಾನು ಕೇಳಿದೆ.

"ಅದು ಬೇರೆ ಡಿಪಾರ್ಟ್‌ಮೆಂಟು."

ನನಗೆ ಮೈಯೆಲ್ಲ ಉರಿಯಿತು. ನಮ್ಮ ಮನೆಯ ದಾರಿ ಸರಕಾರಕ್ಕೆ ಸಿಕ್ಕಿಲ್ಲವೇನೋ ಎಂದು ಅಲ್ಲಿಯವರೆಗೆ ಸಮಾಧಾನ ಮಾಡಿಕೊಂಡಿದ್ದೆ. ದಾರಿ ಚೆನ್ನಾಗಿಯೇ ಗೊತ್ತಿತ್ತು.

ನನ್ನ ವೋಟು ಮೊದಲು ಮುಗಿಯಿತು. ಅಮ್ಮನಿಗೆ ಏದುಸಿರು ಬರುತ್ತಿದ್ದುದರಿಂದ ಅವರ ಮತಪತ್ರ ನಾನು ಹಿಡಿದುಕೊಂಡೆ. ಜೀವಮಾನವಿಡೀ ಕಣ್ಣುಮುಚ್ಚಿ ಒಂದೇ ಚಿಹ್ನೆಗೆ ಹಾಕಿದವರು, ಅಂದು ಮೂರು ಹೆಸರುಗಳನ್ನೂ ದಿಟ್ಟಿಸಿ ನೋಡಿದರು.

"ಇದ್ರಲ್ಲಿ ಗಾಡಿ ಕಳಿಸುವವರು ಯಾರು?"

"ಅದು ನಾವು ಹೇಳುವ ಹಾಗಿಲ್ಲ ಅಮ್ಮ," ಎಂದು ಅವರು ಗುಟ್ಟು ಕಾಯಲು ಅಂಗಳದ ಕಡೆ ತಿರುಗಿ ನಿಂತರು.

ಅಮ್ಮ ಮೂವರಿಗೂ ಗುರುತು ಹಾಕಿದರು. ವೋಟು ಹಾಳಾಗ್ತದೆ ಎಂದು ನಾನು ಪಿಸುಗುಟ್ಟಿದೆ.

"ಹಾಳಾಗ್ಲಿ. ಯಾರಾದ್ರೂ ಒಬ್ರು ಕಳಿಸ್ಲಿ."

ಲಕೋಟೆಗೆ ಅಂಟು ಹಚ್ಚಿ, ಸಹಿ ಹಾಕಿಸಿ, ಮದುಮಗಳನ್ನು ಕೂರಿಸುವಷ್ಟು ಜೋಪಾನವಾಗಿ ಜೀಪಿನಲ್ಲಿಟ್ಟು ಹೋದರು. ಅಮ್ಮನಿಗೆ ಗಾಡಿ ಬಂದದ್ದು ಮರುದಿನ ಬೆಳಿಗ್ಗೆ. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ತೀರಿಕೊಂಡರು.

ಎಣಿಕೆಯ ಮರುದಿನ ಗೆದ್ದವರು ಮನೆಗೆ ಬಂದರು. ಹಗ್ಗ ಬಿಚ್ಚಿಯಾಗಿತ್ತು, ಹಾಗಾಗಿ ಜಗಲಿಯವರೆಗೂ ಬಂದರು. ಪಾಪ, ಒಳ್ಳೆಯ ಹೆಂಗಸು ಎಂದರು. ಆಮೇಲೆ ದನಿ ತಗ್ಗಿಸಿ, "ಅವರ ಕೊನೆಯ ವೋಟು ನಮ್ಗೇ ಅಂತ ನಮಗೆ ಧೈರ್ಯ ಉಂಟು," ಎಂದರು.

"ಹೌದು," ಎಂದೆ. "ನಿಮಗೂ ಹಾಕಿದ್ರು."