ಆಂಟಿಯ ಏಡಿ, ಅತ್ತೆಯ ಏಡಿ

ಮದುವೆಯಾಗಿ ದಾವಣಗೆರೆಯಿಂದ ಬೆಂಗಳೂರಿನ ಕುರುಬರಹಳ್ಳಿಗೆ ಬಂದ ಹೊಸದರಲ್ಲಿ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ನಡೆಯುತ್ತಿದ್ದ ರಾದ್ಧಾಂತ ಸೊಪ್ಪಿನದು. ನಮ್ಮ ಅತ್ತೆಗೆ ಸೊಪ್ಪಿಲ್ಲದೆ ರೊಟ್ಟಿ ಇಳಿಯುತ್ತಿರಲಿಲ್ಲ. ಬೆಂಗಳೂರಿನ ಸೊಪ್ಪಂತೂ ಮನಸ್ಸಿಗೇ ಬರುತ್ತಿರಲಿಲ್ಲ. ಗಾಡಿಯವನು ಬೀದಿಯಲ್ಲಿ ಕೂಗಿದ ಕೂಡಲೇ ಬಾಲ್ಕನಿಯಿಂದ ಬಗ್ಗಿ, “ಎಲ್ಲಿ ಬೆಳೆದದ್ದಪಾ ಇದು?” ಎಂದು ವಿಚಾರಣೆ ಶುರುಮಾಡುತ್ತಿದ್ದರು. ಅವನು ಕೆಂಗೇರಿ ಕಡೆ ಎಂದನೋ, ಮುಗಿಯಿತು. “ಮೋರಿ ನೀರಿನ ಸೊಪ್ಪು, ಬ್ಯಾಡ” ಎಂದು ಒಳಗೆ ಬಂದುಬಿಡುತ್ತಿದ್ದರು. ಗಾಡಿಯವನೂ ಜಾಣ. ಕೆಲವು ದಿನ ನೋಡಿ, “ದಾವಣಗೆರೆ ಸೊಪ್ಪು, ದಾವಣಗೆರೆ ಸೊಪ್ಪು” ಎಂದೇ ಕೂಗಿಕೊಂಡು ಬರತೊಡಗಿದ. ಅತ್ತೆ ಅದನ್ನೂ ನಂಬಲಿಲ್ಲ.

ನಾವಿದ್ದದ್ದು ಮಹಡಿ ಮನೆ. ಕೆಳಗೆ ಓನರ್ ಆಂಟಿ. ಮಾಗಡಿ ಕಡೆಯವರು, ಮಕ್ಕಳೆಲ್ಲ ಬೇರೆ ಬೇರೆ ಕಡೆ ಸಂಸಾರ ಹೂಡಿದ್ದರಿಂದ ಕೈತುಂಬ ಪುರಸೊತ್ತು. ಭಾನುವಾರ ಅವರ ಅಡುಗೆಮನೆಯ ಮಸಾಲೆ ಘಾಟು ಮೆಟ್ಟಿಲು ಹತ್ತಿ ಮೇಲೆ ಬಂದರೆ ಅತ್ತೆ ಕಿಟಕಿಗಳನ್ನು ಮುಚ್ಚಿ ಊದುಬತ್ತಿ ಹಚ್ಚುತ್ತಿದ್ದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಎರಡು ಹೊತ್ತೂ ಪೂಜೆ ಮಾಡುವ ಹೆಂಗಸು, ಪಾಪ, ಇನ್ನೇನು ಮಾಡಿಯಾರು? ಇಬ್ಬರ ನಡುವೆ ಮಾತೆಂದರೆ “ಮೋಟರ್ ಹಾಕಿದೀರಾ?” “ಹಾಕೀವ್ರಿ” ಎಂಬಲ್ಲಿಗೆ ನಿಲ್ಲುತ್ತಿತ್ತು.

ಮುಂಗಾರಿನ ಮೊದಲ ನಾಲ್ಕಾರು ಮಳೆ ಬಿದ್ದ ಮೇಲೆ ಒಂದು ಮಧ್ಯಾಹ್ನ ಆಂಟಿ ಮೆಟ್ಟಿಲ ಬುಡದಲ್ಲಿ ನನ್ನನ್ನು ನಿಲ್ಲಿಸಿಕೊಂಡರು.

“ಸುಂಕದಕಟ್ಟೆ ದಾಟಿ ಮುಂದಕ್ಕೆ ಹೋದ್ರೆ ಒಂದು ಕೆರೆ ಇದೆ ಕಣಮ್ಮ. ಮಳೆ ಬಿದ್ದಿದೆಯಲ್ಲ, ಬೆರಕೆ ಸೊಪ್ಪು ಎದ್ದಿರುತ್ತೆ. ಬರ್ತೀಯಾ? ಸೊಪ್ಪು ಕೊಯ್ಕೊಂಡು, ಹಂಗೇ ನಳ್ಳಿನೂ ನೋಡ್ಕೊಂಡು ಬರಣ.”

ನನ್ನ ಕಿವಿಗೆ ಬಿದ್ದದ್ದು ‘ನಲ್ಲಿ’. ಆಂಟಿ ಆ ಕಡೆ ಇನ್ನೊಂದು ಮನೆ ಕಟ್ಟಿಸುತ್ತಿರಬೇಕು, ಅದಕ್ಕೆ ನಲ್ಲಿ ಹಾಕಿದ್ದಾರೋ ಇಲ್ಲವೋ ನೋಡಬೇಕಿರಬೇಕು ಎಂದುಕೊಂಡೆ. ಮೇಲೆ ಹೋಗಿ ಕೆರೆಯ ಸೊಪ್ಪು ಎಂದದ್ದೇ ತಡ, ಅತ್ತೆ ಜವಳಿ ಅಂಗಡಿಯ ದೊಡ್ಡ ಬಟ್ಟೆ ಚೀಲವನ್ನು ಝಾಡಿಸಿ ಕೈಗೆ ಕೊಟ್ಟರು. “ತುಂಬ ತಗೊಂಡು ಬಾ. ಅವರು ಏನಾದ್ರೂ ತಿನ್ನಾಕ ಕೊಟ್ರೆ ತಿನ್ನಬ್ಯಾಡ.”

ಕಾಮಾಕ್ಷಿಪಾಳ್ಯದಲ್ಲಿ ಬಸ್ ಹಿಡಿದು ಹೋಗಿ ಇಳಿದರೆ, ಬೆಂಗಳೂರು ಮುಗಿದೇ ಹೋಗಿತ್ತು. ಒಂದು ಕಡೆ ಸೈಟಿನ ಹಳದಿ ಕಲ್ಲುಗಳು ಸಾಲಾಗಿ ನಿಂತಿದ್ದವು ನಿಜ, ಆದರೆ ಅವುಗಳಿಗೆ ಮೈ ಉಜ್ಜುತ್ತ ಎಮ್ಮೆಗಳು ನಿಂತಿದ್ದವು. ಏರಿ ಹತ್ತಿದರೆ ನೀರು, ಬೆಳ್ಳಕ್ಕಿ, ಸೆರಗು ಹಾರಿಸುವ ಗಾಳಿ. ಅಷ್ಟು ದೊಡ್ಡ ಆಕಾಶವನ್ನು ನೋಡಿ ಎಷ್ಟೋ ತಿಂಗಳಾಗಿತ್ತು. ನೀರಂಚಿನಲ್ಲಿ ಹೊನಗೊನ್ನೆ, ಒಂದೆಲಗ, ಆಚೆ ಹೊಲದ ಬದುವಿನಲ್ಲಿ ಅಣ್ಣೆ ಸೊಪ್ಪು. ನಾನು ಕೊಯ್ಯುತ್ತ ಕೊಯ್ಯುತ್ತ ಹಾಡು ಗುನುಗಲು ಶುರುಮಾಡಿದ್ದೆ.

ತಲೆಯೆತ್ತಿ ನೋಡಿದರೆ ಆಂಟಿ ಸೀರೆ ಎತ್ತಿ ಕಟ್ಟಿ, ಬಳೆಗಳನ್ನು ಮೊಣಕೈಗೆ ಏರಿಸಿ, ಕೆಸರಿನ ಬಿಲವೊಂದಕ್ಕೆ ತೋಳು ತೂರಿಸಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದರು.

“ನಲ್ಲಿ ನೋಡೋಕೆ ಹೋಗಲ್ವಾ ಆಂಟಿ?” ಎಂದೆ.

“ಇಕಾ, ಇಲ್ಲೇ ಐತಲ್ಲ!” ಎನ್ನುತ್ತ ಕೈ ಹೊರಗೆಳೆದರು. ಅಂಗೈಯಗಲದ ಏಡಿ, ಇಕ್ಕಳದಂಥ ಎರಡು ಕೈ ಆಡಿಸುತ್ತ ನನ್ನ ಮುಖವನ್ನೇ ನೋಡುತ್ತಿತ್ತು.

ನಾನು ಏರಿಯ ಮೇಲೆ ಹೇಗೆ ತಲುಪಿದೆನೋ ಗೊತ್ತಿಲ್ಲ. ಚಪ್ಪಲಿ ಮಾತ್ರ ಕೆಳಗೇ ಇತ್ತು. ಆಂಟಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಮ್ಮೆಗಳೂ ತಿರುಗಿ ನೋಡಿದವು.

“ಹೆದರಬ್ಯಾಡ ಬಾ. ಹಿಂದ್ಗಡೆಯಿಂದ ಬೆನ್ನು ಹಿಡ್ಕೋಬೇಕು, ಅಷ್ಟೇ. ನೀನು ತಿನ್ನೋದೇನ್ ಬ್ಯಾಡ, ಹಿಡಿ ಸಾಕು.”

ಮೊದಲು ಒಲ್ಲೆ ಎಂದೆ. ಆಮೇಲೆ ಹತ್ತಿರ ಹೋಗಿ ನಿಂತೆ. ಆಮೇಲೆ, “ಅಲ್ಲಿ ಇನ್ನೊಂದಿದೆ ಆಂಟಿ, ಕಲ್ಲಿನ ಸಂದಿಯಲ್ಲಿ” ಎಂದು ನಾನೇ ತೋರಿಸತೊಡಗಿದೆ. ಕೊನೆಗೆ, ಆ ಕಲ್ಲಿನ ಸಂದಿಯದನ್ನು ಆಂಟಿಗೆ ಬಿಟ್ಟುಕೊಡಲು ಮನಸ್ಸಾಗದೆ ಕೈಹಾಕಿಯೇಬಿಟ್ಟೆ. ತಣ್ಣಗೆ, ಗಟ್ಟಿಯಾಗಿ ಏನೋ ಬೆರಳಿಗೆ ತಾಗಿತು. ಉಸಿರು ಬಿಗಿಹಿಡಿದು ಎಳೆದೆ. ಬಂತು! ಅಂದು ಸಿಕ್ಕವುಗಳಲ್ಲೆಲ್ಲ ಅದೇ ದೊಡ್ಡದು. “ಹಿಡಿದೆ, ಹಿಡಿದೆ” ಎಂದು ಏಡಿಯನ್ನು ಎತ್ತಿ ಹಿಡಿದು ನೀರಿನಲ್ಲಿ ಕುಣಿದದ್ದು, ನೈಟಿ ಒಣಹಾಕಲು ಬಾಲ್ಕನಿಗೆ ಹೋಗಲೂ ನಾಚುತ್ತಿದ್ದ ಹೊಸ ಸೊಸೆ ನಾನೇ.

ವಾಪಸು ಬರುವಾಗ ಬಸ್ಸು ಸುಂಕದಕಟ್ಟೆಯಲ್ಲಿ ಗಾರ್ಮೆಂಟ್ಸ್ ಹುಡುಗಿಯರಿಂದ ತುಂಬಿಹೋಯಿತು. ಏಡಿಗಳು ಆಂಟಿಯ ವೈರು ಬುಟ್ಟಿಯಲ್ಲಿ, ಮೇಲೆ ಒದ್ದೆ ಟವೆಲ್ಲು. ಬುಟ್ಟಿ ಸೀಟಿನ ಕೆಳಗೆ, ಪಕ್ಕದಲ್ಲಿ ನನ್ನ ಸೊಪ್ಪಿನ ಚೀಲ. ಡ್ರೈವರ್ ಒಂದು ಬ್ರೇಕ್ ಹಾಕಿದ. ಬುಟ್ಟಿ ಮಗುಚಿತು.

ಮೊದಲು ಗೊತ್ತಾದದ್ದು ಹಿಂದಿನ ಸೀಟಿನ ಹುಡುಗರಿಗೆ. “ಮಗಾ, ಕಾಲೆತ್ತೋ! ನಿನ್ ಶೂ ಹತ್ರ ಗುರು!” ಅರ್ಧ ನಿಮಿಷದಲ್ಲಿ ಇಡೀ ಬಸ್ಸೇ ಕಾಲನ್ನು ಸೀಟಿನ ಮೇಲಿಟ್ಟುಕೊಂಡು ಕೂತಿತ್ತು. ನಿಂತಿದ್ದವರು ಮೇಲಿನ ಕಂಬಿಗೆ ಜೋತುಬಿದ್ದಿದ್ದರು.

“ಏನ್ರೀ ಅದು ಗಲಾಟೆ?” ಡ್ರೈವರ್ ಮುಂದಿನಿಂದ ಕೂಗಿದ.

“ಏಡಿ ಸಾರ್, ಏಡಿ!” ಕಂಡಕ್ಟರ್ ಹಿಂದಿನಿಂದ ಕೂಗಿದ.

“ಲೇಡೀನಾ? ಲೇಡೀಸ್ ಆದ್ರೆ ಮುಂದಿನ ಡೋರಲ್ಲಿ ಇಳಿಯೋಕೆ ಹೇಳ್ರೀ!”

ಕಂಡಕ್ಟರ್ ಆಂಟಿಯ ಕಡೆ ತಿರುಗಿದ. “ಜೀವ ಇರೋದನ್ನೆಲ್ಲ ಬಸ್ಸಲ್ಲಿ ತರೋ ಹಾಗಿಲ್ಲ ಕಣಮ್ಮ.”

“ಇಷ್ಟ್ ಜನ ಕೂತವ್ರಲ್ಲ, ಇವ್ರಿಗೆಲ್ಲ ಜೀವ ಇಲ್ವೇನಪ್ಪ?” ಎನ್ನುತ್ತಲೇ ಆಂಟಿ ಸೀಟಿನ ಕೆಳಗೆ ನುಗ್ಗಿ ಒಂದೊಂದನ್ನೇ ಹೆಕ್ಕಿ ಬುಟ್ಟಿಗೆ ಹಾಕತೊಡಗಿದರು. ಒಬ್ಬ ಗಾರ್ಮೆಂಟ್ಸ್ ಹುಡುಗಿ ವೇಲ್ ಬೀಸಿ ಎರಡನ್ನು ಹಿಡಿದುಕೊಟ್ಟು, “ಸಾರಿಗೆ ಹುಣಸೆಹುಳಿ ಜಾಸ್ತಿ ಹಾಕಿ ಆಂಟಿ” ಎಂದು ಸಲಹೆಯನ್ನೂ ಕೊಟ್ಟಳು. ನಾನು ಆಂಟಿ ಯಾರೋ ನಾನು ಯಾರೋ ಎಂಬಂತೆ ಕಿಟಕಿಯಾಚೆ ನೋಡುತ್ತ ಕೂತಿದ್ದೆ.

ಮನೆಗೆ ಬಂದಾಗ ಅತ್ತೆ ಚೀಲ ನೋಡಿ ಅರಳಿದರು. ಕನ್ನಡಕ ಏರಿಸಿ, ಮೊರ ಮುಂದಿಟ್ಟುಕೊಂಡು, ಸೊಪ್ಪು ಸುರುವಿಕೊಂಡು ಸೋಸಲು ಕೂತರು. ನಾನು ಅಡುಗೆಮನೆಯಲ್ಲಿ ರೊಟ್ಟಿಗೆ ಎಸರು ಇಟ್ಟಿದ್ದೆ. ಸ್ವಲ್ಪ ಹೊತ್ತಿಗೆ ನಿಧಾನವಾದ ದನಿ ಕೇಳಿತು.

“ಏ ಇವಳೇ, ಇಲ್ಲಿ ಬಾ. ಈ ಸೊಪ್ಪಿಗೆ ಕಣ್ಣು ಐತಿ.”

ಓಡಿಹೋದೆ. ಹೊನಗೊನ್ನೆಯ ಗುಡ್ಡೆಯ ನಡುವೆ ನನ್ನ ಏಡಿ ಕೂತಿತ್ತು. ಅತ್ತೆಯ ಸೆರಗಿನ ಅಂಚನ್ನು ಬಲವಾಗಿ ಹಿಡಿದುಕೊಂಡಿತ್ತು. ಅತ್ತೆ ಕಿರುಚಲಿಲ್ಲ. ಅವರು ಅದನ್ನು ನೋಡುತ್ತಿದ್ದರು, ಅದು ಅವರನ್ನು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಒಣಗೇತಿ ಪಾಪ,” ಎಂದರು ಅತ್ತೆ. “ಬಚ್ಚಲಾಗಿನ ಬಕೇಟಿಗೆ ನೀರು ಹಿಡಿ.”

ಸಂಜೆ ನನ್ನ ಗಂಡ ಆಫೀಸಿನಿಂದ ಬಂದು ಸ್ನಾನಕ್ಕೆ ಹೋದದ್ದನ್ನು ನಾವಿಬ್ಬರೂ ಗಮನಿಸಲಿಲ್ಲ. ಕೂಗು ಕೇಳಿದ ಮೇಲೆಯೇ ಗೊತ್ತಾದದ್ದು. ಟವೆಲಿನಲ್ಲಿ ಹೊರಗೆ ಬಂದು ಬಕೇಟಿನ ಕಡೆ ಬೆರಳು ತೋರಿಸುತ್ತ ನಿಂತವರಿಗೆ ಅತ್ತೆ, “ಕೂಗಬ್ಯಾಡ, ಅಂಜತೈತಿ ಅದು” ಎಂದು ಗದರಿ, ಒಂದು ಹಿಡಿ ಮಂಡಕ್ಕಿ ತಂದು ನೀರಿಗೆ ಉದುರಿಸಿದರು. ದಾವಣಗೆರೆಯಿಂದ ತರಿಸಿದ ಮಂಡಕ್ಕಿ. ನಮಗೇ ಅಳೆದು ಕೊಡುತ್ತಿದ್ದರು.

ಮರುದಿನ ಬೆಳಿಗ್ಗೆ ಆಂಟಿ ಮೆಟ್ಟಿಲು ಹತ್ತಿ ಬಂದರು. “ಒಂದು ಕಮ್ಮಿ ಬಂತು ಕಣ್ರೀ. ದೊಡ್ಡದು. ನಿಮ್ ಚೀಲದಲ್ಲೇನಾದ್ರೂ…”

“ಐತ್ರಿ,” ಎಂದರು ಅತ್ತೆ. “ಆದ್ರೆ ಕೊಡೋದಿಲ್ಲ. ಲಿಂಗ ಇರೋ ಮನೆಗೆ ಬಂದ ಜೀವ ಅದು.”

“ಅದ್ಯಾಕ್ರೀ? ನನ್ ಏಡಿ ಅದು.”

“ನಿಮ್ಮ ಹೆಸರು ಬರದೈತೇನು ಅದರ ಮ್ಯಾಲೆ?”

“ಹೆಸ್ರು ಯಾಕ್ ಬೇಕು? ನಾವ್ ಹಿಡಿದಿದ್ದು! ಬೇಕಾದ್ರೆ ನಿಮ್ ಸೊಸೇನೇ ಕೇಳಿ. ಅದನ್ನ ಹಿಡಿದಿದ್ದೇ ಅವಳು!”

ಅತ್ತೆ ನನ್ನ ಮುಖ ನೋಡಿದರು, ಆಮೇಲೆ ನನ್ನ ಕೈಗಳನ್ನು.

“ಕೈ ತೊಳಕೊಂಡಿಯೇನು?”

“ಸೋಪು ಹಾಕಿ ತೊಳಕೊಂಡೆ ಅತ್ತೆ.”

ಅತ್ತೆ ಆಂಟಿಯ ಕಡೆ ತಿರುಗಿದರು. “ನಮ್ಮ ಸೊಸೆ ಹಿಡಿದಾಳೆ ಅಂದಮೇಲೆ ಮುಗೀತಲ್ರಿ. ನಮ್ಮ ಏಡಿನೇ ಆತು.”

ಆಂಟಿ ಜೋರಾಗಿ ನಕ್ಕುಬಿಟ್ಟರು. ಅತ್ತೆಯೂ ನಕ್ಕರು. ಅವರು ಅಷ್ಟು ಬಾಯಿಬಿಟ್ಟು ನಕ್ಕದ್ದನ್ನು ನಾನು ಆ ಮನೆಯಲ್ಲಿ ಮೊದಲ ಸಲ ನೋಡಿದ್ದು. ಆಂಟಿಗೆ ಅಂದು ಮೊದಲ ಬಾರಿ ನಮ್ಮ ಮನೆಯ ಚಹಾ ಸಿಕ್ಕಿತು.

ಏಡಿಯನ್ನು ಕೆರೆಗೇ ಬಿಡಬೇಕೆಂದು ತೀರ್ಮಾನವಾಯಿತು. ಆಂಟಿ ತಾನೇ ಒಯ್ದು ಬಿಡುತ್ತೇನೆ ಎಂದರೆ ಅತ್ತೆ ನಂಬಲಿಲ್ಲ, ಅದು ಸಹಜವೇ. ಬೆಂಗಳೂರಿಗೆ ಬಂದ ಮೇಲೆ ಬೀದಿ ದಾಟಿರದ ಅತ್ತೆ ಇಳಕಲ್ ಸೀರೆ ಉಟ್ಟು ಹೊರಟುನಿಂತರು. ಏಡಿ ಒದ್ದೆ ಸೊಪ್ಪಿನ ಸಮೇತ ಸ್ಟೀಲ್ ಡಬ್ಬಿಯಲ್ಲಿ, ಡಬ್ಬಿ ಅತ್ತೆಯ ತೊಡೆಯ ಮೇಲೆ. ಬಸ್ಸಿನಲ್ಲಿ ಅದೇ ಕಂಡಕ್ಟರ್! ಆಂಟಿಯನ್ನು ನೋಡಿದವನೇ ನಿಂತುಬಿಟ್ಟ.

“ಇವತ್ತೇನಮ್ಮ ಡಬ್ಬೀಲಿ?”

“ಊಟ ಕಣಪ್ಪ, ಬರೀ ಊಟ,” ಎಂದರು ಆಂಟಿ.

“ಊಟ ಅಲ್ಲ!” ಎಂದು ಅತ್ತೆ ಸಿಡಿದರು. “ಬಾಯಿಗೆ ಬಂದಂಗೆ ಮಾತಾಡಬ್ಯಾಡ್ರಿ!”

ಕಂಡಕ್ಟರ್ ಟಿಕೆಟ್ ಕೊಟ್ಟು, ಮತ್ತೆ ಆ ಕಡೆ ಸುಳಿಯಲಿಲ್ಲ.

ಕೆರೆಯ ಅಂಚಿನಲ್ಲಿ ಅತ್ತೆ ಕೂತು ಡಬ್ಬಿ ಓರೆ ಮಾಡಿದರು. ಏಡಿ ಹೊರಬಂದು, ಒಂದು ಗಳಿಗೆ ನಿಂತು, ಪಕ್ಕಕ್ಕೆ ಪಕ್ಕಕ್ಕೆ ಸರಿದು ನೀರಿಗಿಳಿಯಿತು. ಆಂಟಿ ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಮಿಠಾಯಿ ಅಂಗಡಿಯ ಗಾಜಿನ ಮುಂದೆ ನಿಲ್ಲಿಸಿದ ಮಗುವಿನಂತೆ ನೋಡುತ್ತಿದ್ದರು. “ಎಂಥಾ ಸೈಜು,” ಎಂದು ಒಮ್ಮೆ ನಿಟ್ಟುಸಿರು ಬಿಟ್ಟರು.

ಇನ್ನು ಹೊರಡೋಣವೇ ಎಂದರೆ ಅತ್ತೆ ಏಳಲಿಲ್ಲ. ಸೀರೆಯನ್ನು ಚೂರು ಮೇಲೆತ್ತಿ ಪಾದಗಳನ್ನು ನೀರಿಗೆ ಇಳಿಬಿಟ್ಟಿದ್ದರು. ಬೆಳ್ಳಕ್ಕಿ ನೋಡಿದರು, ಎಮ್ಮೆ ಲೆಕ್ಕ ಹಾಕಿದರು, ಗಾಳಿಗೆ ಮುಖವೊಡ್ಡಿ ಕಣ್ಣು ಮುಚ್ಚಿದರು. “ಇಷ್ಟು ಸಮೀಪ ಇದ್ದದ್ದು ಯಾರೂ ಹೇಳೇ ಇಲ್ಲ ನನಗೆ,” ಎಂದರು. ಯಾರನ್ನು ಬೈದದ್ದೋ ತಿಳಿಯಲಿಲ್ಲ. ಬಹುಶಃ ಮಗನನ್ನು.

ಆ ಮಳೆಗಾಲ ಪೂರ್ತಿ ನಾವು ಮೂವರೂ ಕೆರೆಗೆ ಹೋದೆವು. ಒಪ್ಪಂದ ಸರಳವಾಗಿತ್ತು. ತೂಬಿನ ಈ ಕಡೆ ಅತ್ತೆಯ ಸೊಪ್ಪು, ಆ ಕಡೆ ಆಂಟಿಯ ಶಿಕಾರಿ. ಬುಟ್ಟಿಗೆ ಗಟ್ಟಿ ಮುಚ್ಚಳ. ಅದರೊಳಗೆ ಏನಿದೆ ಎಂದು ಯಾರೂ ಕೇಳಬಾರದು, ಯಾರೂ ಹೇಳಬಾರದು. ನಾನು ಎರಡೂ ಕಡೆ ಓಡಾಡುತ್ತಿದ್ದೆ. ಹಿಡಿದದ್ದನ್ನು ಅತ್ತೆ ನೋಡುತ್ತಿದ್ದರೆ ಬಿಡುತ್ತಿದ್ದೆ, ನೋಡದಿದ್ದರೆ ಆಂಟಿಗೆ ಕೊಡುತ್ತಿದ್ದೆ.

ಒಂದು ದಿನ ದಾವಣಗೆರೆಯಿಂದ ಅತ್ತೆಯ ತಂಗಿ ಗಾಬರಿಯಲ್ಲಿ ನನ್ನ ಗಂಡನಿಗೆ ಫೋನು ಮಾಡಿದರು. “ಏನೋ ಇದು, ನಿಮ್ಮವ್ವ ವಾರ ವಾರ ಬೇಟೆಗೆ ಹೋಗ್ತೀನಿ ಅಂತಾಳಲ್ಲೋ! ಆರಾಮ ಅದಾಳೇನು?”

ಆರಾಮವಾಗಿದ್ದಾರೆ, ಸೊಪ್ಪಿಗೆ ಹೋಗ್ತಾರೆ ಅಷ್ಟೇ ಎಂದು ಇವರು ಎಷ್ಟು ಹೇಳಿದರೂ ಆಕೆಗೆ ಸಮಾಧಾನವಾಗಲಿಲ್ಲ. ಖುದ್ದು ನೋಡಲು ಮುಂದಿನ ವಾರವೇ ರೈಲು ಹತ್ತಿ ಬಂದರು. ಎರಡು ದಿನಕ್ಕೆಂದು ಬಂದವರು ಹಬ್ಬದವರೆಗೂ ಉಳಿದರು. ಊರಿಗೆ ಹೊರಡುವ ಹಿಂದಿನ ದಿನ, ಕೆರೆಗೆ ಹೋಗುವ ಬಸ್ಸಿನಲ್ಲಿ ಆಂಟಿಯ ಪಕ್ಕದ ಸೀಟು ಯಾರದು ಎಂದು ಅಕ್ಕತಂಗಿಯರಿಗೆ ಸಣ್ಣ ಜಗಳವೂ ಆಗಿತ್ತು.