ಎಲೆಯ ಮೇಲೆ ಕಲಿತ ಸಹಿ

ಇಂಕ್ ಪ್ಯಾಡನ್ನು ಮುಂದೆ ಸರಿಸಿದೆ. ರಾಜಾಬಿ ಹೆಬ್ಬೆರಳನ್ನು ಸೆರಗಿನಲ್ಲಿ ಮರೆಮಾಡಿಕೊಂಡರು. ಸವಣೂರಿನ ಎಲೆತೋಟದಲ್ಲಿ ವೀಳ್ಯದೆಲೆ ಕೊಯ್ಯುವ ಅವರು ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳ ತಾಯಿ. ಗ್ರಂಥಾಲಯಕ್ಕೆ ಅನುದಾನ ಕೇಳುವ ನಮ್ಮ ಐದು ವರ್ಷದ ಯೋಜನೆಗೆ ಪಾಲಕರ ಪರವಾಗಿ ಅವರ ಒಪ್ಪಿಗೆ ಬೇಕಿತ್ತು.

“ಲೈಬ್ರರಿ ಕೇಳೂ ಕಾಗದಕ್ಕ ಹೆಬ್ಬೆಟ್ಟು ಒತ್ತಿದ್ರ ಚಂದ ಕಾಣಂಗಿಲ್ರಿ ಸರ. ಎರಡ ದಿನ ತಡೀರಿ.”

ಅರ್ಜಿ ಕಳಿಸಲು ಉಳಿದಿದ್ದೇ ಎರಡು ದಿನ. ಒಳಗೊಳಗೇ ರೇಗಿದರೂ ಕಾದೆ.

ಕೊನೆಯ ದಿನ ಬಂದು, ಮಗಳು ಕಲಿಸಿದಂತೆ ನಿಧಾನವಾಗಿ ಹೆಸರು ಬರೆದರು. ಎಲ್ಲಿ ಅಭ್ಯಾಸ ಮಾಡಿದಿರಿ ಎಂದೆ. ಮಡಿಲಿನಿಂದ ಹರಿದ ವೀಳ್ಯದೆಲೆಯೊಂದನ್ನು ತೆಗೆದು ಕೊಟ್ಟರು. ಮಾರಲು ಬಾರದ ಎಲೆಗಳ ಮೇಲೆ ಉಗುರಿನಿಂದ ಗೀರಿ ಗೀರಿ ಕಲಿತಿದ್ದರು.

ಅನುದಾನ ಇನ್ನೂ ಬಂದಿಲ್ಲ. ಯೋಜನೆಯ ಪ್ರತಿಯೊಳಗೆ ಇಟ್ಟ ಆ ಎಲೆ ಒಣಗಿದೆ. ಹೆಸರು ಮಾತ್ರ ಇಂದಿಗೂ ಓದಲು ಬರುತ್ತದೆ.